ಪೋಸ್ಟಿಂಗ್ ಪಟ್ಟಿ ಬರೆಯುವವರಿಗೆ: ಓಪಿಡಿ ಚೀಟಿಯ ಹಿಂದಿನ ನಾಲ್ಕು ಸಾಲು

ಮೆಡಿಕಲ್ ಕಾಲೇಜುಗಳ ಸರ್ಜರಿ ವಿಭಾಗದ ಮುಖ್ಯಸ್ಥರಿಗೆ, ಜಿಲ್ಲಾ ರೆಸಿಡೆನ್ಸಿ (ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ತರಬೇತಿ) ನೋಡಿಕೊಳ್ಳುವ ಸಂಯೋಜಕರಿಗೆ, ವೈದ್ಯಕೀಯ ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳಲ್ಲಿ ಪಿಜಿಗಳ (ಎಂಬಿಬಿಎಸ್ ಮುಗಿಸಿ ಮುಂದೆ ಓದುವ ಡಾಕ್ಟರುಗಳ) ಪೋಸ್ಟಿಂಗ್ ಪಟ್ಟಿಗೆ ಸಹಿ ಹಾಕುವ ಎಲ್ಲ ಹಿರಿಯರಿಗೆ,

ನಮಸ್ಕಾರ.

ಆಷಾಢದ ಒಂದು ದಿನ. ಎರಡು ವಾರ ಬಿಡದೆ ಸುರಿದ ಮಳೆ ಅವತ್ತು ಹೊಳವಾಗಿತ್ತು. ಹೊಳವಾದರೆ ನಮ್ಮ ಕಡೆ ತೋಟಗಳಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಾರೆ. ಔಷಧಿ ಹೊಡೆಯುವ ದಿನ ಯಾರಾದರೊಬ್ಬರು ಅಡಿಕೆ ಮರದಿಂದ ಬೀಳುತ್ತಾರೆ. ಸಂಜೆ ಏಳರ ಹೊತ್ತಿಗೆ ಒಂದು ಪಿಕಪ್ ಗಾಡಿ ನಮ್ಮ ತಾಲ್ಲೂಕು ಆಸ್ಪತ್ರೆಯ ಮುಂದೆ ನಿಂತಿತು. ಹಿಂದೆ ಗೊಬ್ಬರದ ಚೀಲದ ಮೇಲೆ ಒಬ್ಬರನ್ನು ಮಲಗಿಸಿದ್ದರು. ಬಟ್ಟೆಯ ಮೇಲೆಲ್ಲ ಮೈಲುತುತ್ತದ ನೀಲಿ ಕಲೆ. ಉಸಿರಾಡಲು ಒದ್ದಾಡುತ್ತಿದ್ದರು. ಆಕ್ಸಿಜನ್ ಮೀಟರ್ 78 ತೋರಿಸಿತು. ಎಡ ಎದೆಗೆ ಸ್ಟೆತ್ ಇಟ್ಟರೆ ಏನೂ ಕೇಳುತ್ತಿಲ್ಲ. ಕುತ್ತಿಗೆಯ ನರ ಉಬ್ಬಿವೆ. ಚರ್ಮ ಒತ್ತಿದರೆ ಮಂಡಕ್ಕಿ ಚೀಲ ಹಿಸುಕಿದ ಹಾಗೆ ಚರಚರ ಅನ್ನುತ್ತಿದೆ.

ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿತ್ತು. ಗಾಳಿ ಎದೆಗೂಡಿನೊಳಗೆ ಸೇರುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಹೀಗಾದಾಗ ಹೃದಯವೇ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಜಿಲ್ಲಾ ಆಸ್ಪತ್ರೆ 65 ಕಿಲೋಮೀಟರ್ ದೂರ, ನಡುವೆ ಘಾಟಿ. ಕರೆಂಟ್ ಇರಲಿಲ್ಲ. ನಮ್ಮ ಜನರೇಟರಿಗೆ ಎಕ್ಸ್-ರೇ ಮೆಷಿನ್ ಎಳೆಯುವ ಶಕ್ತಿಯಿಲ್ಲ. ಇಂಥದ್ದಕ್ಕೆ ಎಕ್ಸ್-ರೇ ಕಾಯಲೂಬಾರದು ಬಿಡಿ. ಮೊದಲು ದಪ್ಪ ಸೂಜಿ ಚುಚ್ಚಿದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ ಸುಯ್ ಅಂತು. ಆಮೇಲೆ ಕಂಕುಳ ಕೆಳಗೆ ಕೊಯ್ದು, ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ಆನಿಸಿ ಆರ್ಟರಿ ಫೋರ್ಸೆಪ್ಸ್ ಒಳಗೆ ತಳ್ಳಿದೆ. ಬೆರಳು ಹಾಕಿ ಸುತ್ತ ಆಡಿಸಿ ನೋಡಿದೆ, ಟ್ಯೂಬ್ ಇಳಿಸಿದೆ. ಬಾಟಲಿಯ ನೀರಿನಲ್ಲಿ ಗುಳುಗುಳು ಗುಳ್ಳೆ ಎದ್ದವು. ಹತ್ತು ನಿಮಿಷದಲ್ಲಿ ಮೀಟರ್ 94ಕ್ಕೆ ಬಂತು. ಅವರು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ದೋಟಿ ಮುರೀತಾ?"

ಇದನ್ನು ಶೌರ್ಯದ ಕಥೆ ಅಂತ ಹೇಳುತ್ತಿಲ್ಲ. ಚೆಸ್ಟ್ ಟ್ಯೂಬ್ ಹಾಕುವುದು ಸರ್ಜನ್ನರಿಗೆ ಬಾರದಿದ್ದರೆ ಇನ್ಯಾರಿಗೆ ಬರಬೇಕು? ನಾನು ಹೇಳಬೇಕೆಂದಿರುವುದು ಬೇರೆ. ಅವತ್ತು ರಾತ್ರಿ ಕ್ವಾರ್ಟರ್ಸಿಗೆ ಹೋಗಿ, ಪೆಟ್ಟಿಗೆಯಲ್ಲಿದ್ದ ನನ್ನ ಪಿಜಿ ಲಾಗ್‌ಬುಕ್, ಅಂದರೆ ಓದುವಾಗ ಮಾಡಿದ ಕೆಲಸದ ಲೆಕ್ಕದ ಪುಸ್ತಕ, ತೆಗೆದು ನೋಡಿದೆ. ಮೂರು ವರ್ಷದಲ್ಲಿ ನನ್ನ ಕೈಯಿಂದ ಹಾಕಿದ್ದು ಒಟ್ಟು ಏಳು ಚೆಸ್ಟ್ ಟ್ಯೂಬ್. ಒಂದು ಕಾಲೇಜಿನ ಕ್ಯಾಜುವಾಲ್ಟಿಯಲ್ಲಿ, ಆರು ಜಿಲ್ಲಾ ಆಸ್ಪತ್ರೆಯಲ್ಲಿ. ಹೃದಯ ಮತ್ತು ಎದೆಗೂಡಿನ ಸರ್ಜರಿ ವಿಭಾಗದಲ್ಲಿ ಪೂರ್ತಿ ಒಂದು ತಿಂಗಳು ಪೋಸ್ಟಿಂಗ್ ಮಾಡಿದ್ದೆನಲ್ಲ, ಅಲ್ಲಿ ಹಾಕಿದ್ದು? ಸೊನ್ನೆ.

ನಾನು ಎಂಎಸ್ ಜನರಲ್ ಸರ್ಜರಿ ಮುಗಿಸಿ, ರಾಜ್ಯದ 2012ರ ಕಡ್ಡಾಯ ಸೇವಾ ಕಾಯ್ದೆಯ ಅಡಿ ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೇನೆ. ಇಲ್ಲಿ ಸರ್ಜನ್ ಅಂದರೆ ನಾನೊಬ್ಬನೇ. ಹೀಗಾಗಿ ನನಗೆ ಯಾವ ಪೋಸ್ಟಿಂಗ್ ಏನು ಕಲಿಸಿತು, ಏನು ಕಲಿಸಲಿಲ್ಲ ಅನ್ನುವುದು ದಿನವೂ ಎದುರಿಗೆ ಬಂದು ನಿಲ್ಲುತ್ತದೆ. ಅದನ್ನೇ ನಿಮಗೆ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು, ವಿಭಾಗದ ಹೆಸರು ಹಾಕುವುದಿಲ್ಲ. ಯಾರ ಮೇಲೂ ದೂರು ಕೊಡುವುದು ನನ್ನ ಉದ್ದೇಶವಲ್ಲ. ಮೇಲಾಗಿ ಇದು ಒಂದು ಕಾಲೇಜಿನ ಕಥೆಯಲ್ಲ ಅಂತ ಬೇರೆ ಬೇರೆ ಊರಿನ ನನ್ನ ಬ್ಯಾಚಿನವರ ಜೊತೆ ಮಾತಾಡಿದ ಮೇಲೆ ಗೊತ್ತಾಗಿದೆ.

ಡಾಕ್ಟರಲ್ಲದವರೂ ಈ ಪತ್ರ ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. ಎಂಬಿಬಿಎಸ್ ಆದ ಮೇಲೆ ಸರ್ಜನ್ ಆಗಲು ಮೂರು ವರ್ಷ ಓದಬೇಕು. ಓದು ಅಂದರೆ ಆಸ್ಪತ್ರೆಯಲ್ಲಿ ಕೆಲಸ. ಬಹುಪಾಲು ಸಮಯ ಜನರಲ್ ಸರ್ಜರಿಯ ಯೂನಿಟ್ಟಿನಲ್ಲಿ. ನಡುನಡುವೆ ಎರಡು ವಾರ, ಒಂದು ತಿಂಗಳು ಅಂತ ಬೇರೆ ವಿಭಾಗಗಳಿಗೆ ಕಳಿಸುತ್ತಾರೆ. ಯೂರಾಲಜಿ (ಮೂತ್ರಾಂಗದ ವಿಭಾಗ), ನ್ಯೂರೋಸರ್ಜರಿ (ಮೆದುಳು, ನರಗಳ ಸರ್ಜರಿ), ಪ್ಲಾಸ್ಟಿಕ್ ಸರ್ಜರಿ, ಮಕ್ಕಳ ಸರ್ಜರಿ, ಅನಸ್ತೇಷಿಯಾ, ಮೂಳೆ ವಿಭಾಗ, ಹೀಗೆ. ಇದಕ್ಕೆ ಪೋಸ್ಟಿಂಗ್ ಅಥವಾ ರೊಟೇಷನ್ ಅನ್ನುತ್ತಾರೆ. ನಾಳೆ ಒಬ್ಬರೇ ಇರುವ ಜಾಗದಲ್ಲಿ ತಲೆಗೆ ಪೆಟ್ಟು ಬಿದ್ದವರು, ಮೂತ್ರ ಕಟ್ಟಿದವರು, ಸುಟ್ಟ ಮಗು, ಮೂಳೆ ಮುರಿದು ಹೊರಗೆ ಬಂದವರು, ಯಾರೇ ಬಂದರೂ ಮೊದಲ ಕೈ ನಮ್ಮದೇ ಆಗಿರುತ್ತದೆ. ಅದಕ್ಕೇ ಈ ತಿರುಗಾಟ.

ಯೋಚನೆ ಚೆನ್ನಾಗಿದೆ. ನಡೆಯುವುದು ಹೇಗೆ ಅಂತ ಹೇಳುತ್ತೇನೆ.

ಆ ಎದೆಗೂಡಿನ ವಿಭಾಗದಲ್ಲಿ ನನ್ನ ದಿನ ಬೆಳಿಗ್ಗೆ ಆರಕ್ಕೆ ಶುರುವಾಗುತ್ತಿತ್ತು. ರೌಂಡ್ಸಿಗೆ ಮುಂಚೆ ಎಲ್ಲರ ರಕ್ತದ ರಿಪೋರ್ಟ್ ಬರೆದಿಡಬೇಕು. ಆಮೇಲೆ ಬ್ಲಡ್ ಬ್ಯಾಂಕಿಗೆ ಹೋಗಿ ರಕ್ತ ಹೊಂದಿಸಬೇಕು, ಹೃದಯದ ಸ್ಕ್ಯಾನ್ ಮಾಡುವ ಎಕೋ ರೂಮಿನ ಮುಂದೆ ಸಾಲಿನಲ್ಲಿ ನಿಲ್ಲಬೇಕು. ಮಧ್ಯಾಹ್ನ ಆಯುಷ್ಮಾನ್ ಅಪ್ರೂವಲ್‌ಗೆ ರೋಗಿಯ ಫೋಟೋ, ರಿಪೋರ್ಟ್ ಅಪ್‌ಲೋಡ್ ಮಾಡಬೇಕು. ಸರ್ವರ್ ಡೌನ್ ಆದರೆ ರಾತ್ರಿ ಹನ್ನೊಂದಕ್ಕೆ ಮತ್ತೆ ಕೂರಬೇಕು. ಓಟಿಯೊಳಗೆ, ಅಂದರೆ ಆಪರೇಷನ್ ಥಿಯೇಟರಿನೊಳಗೆ, ಹೋಗಿದ್ದು ನಾಲ್ಕು ಸಲ. ನಾಲ್ಕೂ ಸಲ ತೆರೆದ ಹೃದಯದ ಸರ್ಜರಿ. ನಾನು ಜನ್ಮದಲ್ಲಿ ಮಾಡದ, ಮಾಡಬೇಕಾಗಿಯೂ ಇಲ್ಲದ ಸರ್ಜರಿ. ನಾಲ್ಕನೆಯವನಾಗಿ ಕತ್ತು ಉದ್ದ ಮಾಡಿ ಇಣುಕಿದ್ದೇ ಬಂತು. ಟ್ಯೂಬ್ ಹಾಕುವ ಕೇಸು ಬಂದಾಗಲೆಲ್ಲ ಆ ವಿಭಾಗದವರೇ ಹಾಕಿದರು. ಅವರಿಗೂ ಕಲಿಯಬೇಕಲ್ಲ, ಅವರನ್ನೂ ತಪ್ಪು ಅನ್ನಲಾಗದು.

ತಿಂಗಳ ಕೊನೆಗೆ ಲಾಗ್‌ಬುಕ್ಕಿಗೆ ಸಹಿ. ಸರ್ಜರಿ ಲಾಗ್‌ಬುಕ್ಕಿನಲ್ಲಿ ನಾಲ್ಕು ದರ್ಜೆ ಇರುತ್ತವೆ: ನೋಡಿದ್ದು, ಸಹಾಯ ಮಾಡಿದ್ದು, ಹಿರಿಯರ ಸಹಾಯದಿಂದ ತಾನೇ ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು. ನಾನು ಚೆಸ್ಟ್ ಟ್ಯೂಬ್ ಎದುರು "ಸಹಾಯ ಮಾಡಿದ್ದು: 12" ಅಂತ ಬರೆದೆ. ಯಾಕೆ ಬರೆದೆ? ಹಿಂದಿನ ಬ್ಯಾಚಿನವರು 12 ಅಂತ ಬರೆದಿದ್ದರು. ಸಹಿಯೂ ಬಿತ್ತು. ನಾನು ಸುಳ್ಳು ಬರೆದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಅಡಿಕೆ ಮರದಿಂದ ಬಿದ್ದವರನ್ನು ಎದುರಿಗೆ ಮಲಗಿಸಿದಾಗ ಆ 12 ಯಾವ ಉಪಯೋಗಕ್ಕೂ ಬರಲಿಲ್ಲ.

ಇನ್ನು ಯೂರಾಲಜಿ. ಬರೀ ಎರಡು ವಾರ. ಮೊದಲ ದಿನ ಅಲ್ಲಿನ ಪ್ರೊಫೆಸರ್ ಹತ್ತಿರ ಹೋಗಿ ನಿಂತೆ. ಅವರು ತಲೆ ಎತ್ತದೆ ಕೇಳಿದರು, "ಮುಂದೆ ಯೂರಾಲಜಿ ಮಾಡ್ತೀಯಾ?" ಇಲ್ಲ ಸರ್ ಅಂದೆ. "ಹಾಗಾದ್ರೆ ತಾಲ್ಲೂಕಿಗೆ ಹೋಗ್ತೀಯ. ಅಲ್ಲಿ ಯೂರಾಲಜಿಯಲ್ಲಿ ನಿನಗೆ ಏನು ಬರಬೇಕು ಹೇಳು ನೋಡೋಣ." ನಾನು ಕಿಡ್ನಿ ಕಲ್ಲು, ಪ್ರಾಸ್ಟೇಟ್ ಅಂತ ಏನೋ ತಡವರಿಸಿದೆ. ಅವರು ಮೇಜಿನ ಮೇಲಿದ್ದ ಓಪಿಡಿ ಚೀಟಿ ತಿರುಗಿಸಿ ಹಿಂದೆ ನಾಲ್ಕು ಸಾಲು ಬರೆದರು. ಕಷ್ಟದ ಕ್ಯಾಥೆಟರ್ (ಮೂತ್ರ ಬಸಿಯುವ ನಳಿಕೆ) ಹಾಕುವುದು. ಅದು ಆಗದಿದ್ದರೆ ಹೊಟ್ಟೆಯ ಕೆಳಭಾಗದಿಂದ ಮೂತ್ರಚೀಲಕ್ಕೆ ಟ್ಯೂಬ್ ಇಳಿಸುವುದು. ಬೀಜ ತಿರುಚಿಕೊಂಡಿದ್ದರೆ ಆರು ಗಂಟೆಯೊಳಗೆ ತೆರೆದು ನೋಡುವುದು. ಬೀಜದ ಚೀಲದ ಚರ್ಮ ಕೊಳೆಯುತ್ತಿದ್ದರೆ ಅವತ್ತೇ ಕೊಳೆತದ್ದನ್ನೆಲ್ಲ ತೆಗೆಯುವುದು. "ಈ ನಾಲ್ಕು ಕಲಿತು ಹೋಗು. ಕಲ್ಲು ಒಡೆಯೋಕೆ ನಾವಿದ್ದೀವಿ."

ಎರಡು ವಾರ ಅವರ ಎಸ್‌ಆರ್‌ಗೆ (ಸೀನಿಯರ್ ರೆಸಿಡೆಂಟ್ ಡಾಕ್ಟರಿಗೆ) ಹೇಳಿ ಕ್ಯಾಜುವಾಲ್ಟಿಯಿಂದ ಕ್ಯಾಥೆಟರ್ ಕರೆ ಬಂದಾಗಲೆಲ್ಲ ನನ್ನನ್ನೇ ಕಳಿಸಿದರು. ಮೂತ್ರ ಕಟ್ಟಿಕೊಂಡು ಹೊಟ್ಟೆ ಕಲ್ಲಾದ ಅಜ್ಜಂದಿರನ್ನು ನಡುರಾತ್ರಿ ಎಷ್ಟು ಸಲ ನೋಡಿದೆನೋ. ಜೆಲ್ಲಿ ಹಾಕಿ ಐದು ನಿಮಿಷ ಕಾಯಬೇಕು, ಆತುರ ಮಾಡಬಾರದು. ಈ ಒಂದು ವಿಷಯ ಯಾವ ಪುಸ್ತಕ ಓದಿದಾಗಲೂ ನನ್ನ ತಲೆಗೆ ಹೋಗಿರಲಿಲ್ಲ. ಆ ನಾಲ್ಕರಲ್ಲಿ ಮೂರು ನಾನು ಇಲ್ಲಿಗೆ ಬಂದ ಮೊದಲ ಎರಡು ತಿಂಗಳಲ್ಲೇ ಬಂದವು. ಚೀಟಿ ಇನ್ನೂ ನನ್ನ ಹತ್ತಿರ ಇದೆ.

ನನ್ನ ಬೇಡಿಕೆ ಇಷ್ಟೇ. ಪ್ರತಿ ಪೋಸ್ಟಿಂಗಿಗೂ ಇಂಥ ಒಂದು ಚೀಟಿ ಇರಲಿ.

ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಕ್ರಮದಲ್ಲಿ ದೊಡ್ಡ ಪಟ್ಟಿಯೇ ಇದೆ ಅಂತ ನನಗೂ ಗೊತ್ತು. ಆದರೆ ದೊಡ್ಡ ಪಟ್ಟಿಯನ್ನು ಯಾರೂ ಓದುವುದಿಲ್ಲ. ಎಲ್ಲವೂ ಮುಖ್ಯ ಅಂದರೆ ಯಾವುದೂ ಮುಖ್ಯ ಅಲ್ಲ ಅಂತಾಗುತ್ತದೆ. ಪ್ಲಾಸ್ಟಿಕ್ ಸರ್ಜರಿಗೆ ಹೋದವರು ಮುಖದ ಪುನರ್ನಿರ್ಮಾಣ ನೋಡದಿದ್ದರೂ ಪರವಾಗಿಲ್ಲ. ಚರ್ಮದ ಗ್ರಾಫ್ಟ್ ತಮ್ಮ ಕೈಯಿಂದ ಐದು ಮಾಡಿರಬೇಕು. ಸುಟ್ಟ ರೋಗಿಗೆ ಎಷ್ಟು ಲೀಟರ್ ದ್ರವ ಅಂತ ನಿದ್ದೆಯಲ್ಲೂ ಲೆಕ್ಕ ಹಾಕಬೇಕು. ಮೂಳೆ ವಿಭಾಗಕ್ಕೆ ಹೋದವರಿಗೆ ಮಂಡಿ ಬದಲಾಯಿಸುವುದು ಬೇಕಿಲ್ಲ. ಮೂಳೆ ಹೊರಗೆ ಬಂದ ಗಾಯವನ್ನು ತೊಳೆದು, ಸ್ಪ್ಲಿಂಟ್ ಹಾಕಿ, ಆಂಟಿಬಯಾಟಿಕ್ ಕೊಟ್ಟು ಕಳಿಸಲು ಬರಬೇಕು. ನ್ಯೂರೋಸರ್ಜರಿಯಲ್ಲಿ ಕಲಿಯಬೇಕಾದ್ದು ಮೆದುಳಿನ ಗಡ್ಡೆ ಅಲ್ಲ, ಯಾರನ್ನು ಈ ಕ್ಷಣವೇ ಕಳಿಸಬೇಕು, ಯಾರನ್ನು ಇಲ್ಲೇ ಇಟ್ಟುಕೊಂಡು ನೋಡಬಹುದು ಅನ್ನುವುದು. ಅನಸ್ತೇಷಿಯಾದಲ್ಲಿ ಗಂಟಲಿಗೆ ಟ್ಯೂಬ್ ಹಾಕುವುದು. ಅದೊಂದನ್ನು ಕಲಿಸಿ, ಉಳಿದದ್ದು ಬೋನಸ್.

2015ರಲ್ಲಿ ಜಾಗತಿಕ ಸರ್ಜರಿ ಕುರಿತ ಲ್ಯಾನ್ಸೆಟ್ ಆಯೋಗದ ವರದಿ ಬಂತು. ಸುರಕ್ಷಿತ, ಕೈಗೆಟುಕುವ ಸರ್ಜರಿ ಜಗತ್ತಿನ 500 ಕೋಟಿ ಜನರಿಗೆ ಸಿಗುತ್ತಿಲ್ಲ ಅಂತ ಅದು ಹೇಳಿತು. ಒಂದು ಆಸ್ಪತ್ರೆಗೆ ಸರ್ಜರಿಯ ಶಕ್ತಿ ಇದೆಯಾ ಅಂತ ತಿಳಿಯಲು ಅವರು ಮೂರನ್ನು ನೋಡಿ ಅಂದರು: ಸಿಸೇರಿಯನ್, ತುರ್ತಾಗಿ ಹೊಟ್ಟೆ ತೆರೆಯುವುದು, ಚರ್ಮ ಸೀಳಿ ಹೊರಬಂದ ಮುರಿತಕ್ಕೆ ಚಿಕಿತ್ಸೆ. ಈ ಮೂರು ಮಾಡುವ ಆಸ್ಪತ್ರೆ ಉಳಿದ ಬಹಳಷ್ಟನ್ನೂ ಮಾಡುತ್ತದೆ. ಸಿಸೇರಿಯನ್‌ಗೆ ನಮ್ಮಲ್ಲಿ ಹೆರಿಗೆ ಡಾಕ್ಟರ್ ಇದ್ದಾರೆ. ಉಳಿದ ಎರಡೂ ಬಂದು ಬೀಳುವುದು ಜನರಲ್ ಸರ್ಜನ್ ಮೇಲೆ. ಪೋಸ್ಟಿಂಗ್ ಪಟ್ಟಿ ಬರೆಯುವಾಗ ಈ ಎರಡನ್ನಾದರೂ ತಲೆಯಲ್ಲಿಟ್ಟುಕೊಳ್ಳಬೇಕು ಅಲ್ವಾ?

ಈಗ ಜಿಲ್ಲಾ ರೆಸಿಡೆನ್ಸಿಗೆ ಬರುತ್ತೇನೆ. ನಾನು ಈ ಪತ್ರ ಬರೆಯಲು ನಿಜವಾದ ಕಾರಣ ಅದೇ.

2020ರ ಸೆಪ್ಟೆಂಬರಿನಲ್ಲಿ ನಿಯಮ ಬಂತು. ಎಲ್ಲ ಎಂಡಿ, ಎಂಎಸ್ ವಿದ್ಯಾರ್ಥಿಗಳೂ ಮೂರನೇ, ನಾಲ್ಕನೇ ಅಥವಾ ಐದನೇ ಸೆಮಿಸ್ಟರಿನಲ್ಲಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಮಾಡದಿದ್ದರೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ನಮ್ಮ ಬ್ಯಾಚಿನವರು ಬೈದುಕೊಂಡೇ ಹೋದೆವು. ಥೀಸಿಸ್ ಅರ್ಧ ಆಗಿತ್ತು. ನಾನೂ ಬೈದಿದ್ದೆ. ಈಗ ಹೇಳುತ್ತೇನೆ, ಮೂರು ವರ್ಷದಲ್ಲಿ ನನ್ನನ್ನು ಸರ್ಜನ್ ಮಾಡಿದ್ದು ಆ ಮೂರು ತಿಂಗಳು. ಸರಿಯಾಗಿ ಹೇಳಬೇಕೆಂದರೆ ಅದರಲ್ಲಿ ಏಳು ವಾರ.

ಮೊದಲ ಐದು ವಾರ ಏನಾಯಿತು ಅಂದರೆ, ರಿಲೀವಿಂಗ್ ಲೆಟರ್ ಹಿಡಿದು ಹೋದ ದಿನವೇ ನಮ್ಮನ್ನೆಲ್ಲ ಕ್ಯಾಜುವಾಲ್ಟಿ ಡ್ಯೂಟಿ ಪಟ್ಟಿಗೆ ಸೇರಿಸಿದರು. ಸರ್ಜರಿ, ಚರ್ಮರೋಗ, ಪೆಥಾಲಜಿ, ಎಲ್ಲ ಒಂದೇ ಪಟ್ಟಿ. ಪೆಥಾಲಜಿ ಪಿಜಿ ಪಾಪ ರಾತ್ರಿ ಎರಡಕ್ಕೆ ಎಂಎಲ್‌ಸಿ (ಪೊಲೀಸ್ ಕೇಸಿನ ರೋಗಿಗಳ ದಾಖಲೆ) ಬರೆಯುತ್ತಾ ಕೂತಿದ್ದಳು. ನಾನು ಎರಡು ಸಲ ಮಂತ್ರಿಗಳ ಕಾನ್ವಾಯ್ ಹಿಂದೆ ಆಂಬುಲೆನ್ಸಿನಲ್ಲಿ ಕೂತು ಜಿಲ್ಲೆ ಸುತ್ತಿದೆ. ಆಸ್ಪತ್ರೆಯವರ ಕಷ್ಟವೂ ಸುಳ್ಳಲ್ಲ. ಕ್ಯಾಜುವಾಲ್ಟಿಗೆ ಇರಬೇಕಾದಷ್ಟು ಡಾಕ್ಟರುಗಳಿಲ್ಲ, ಎದುರಿಗೆ ಒಂದು ಹಿಂಡು ಹುಡುಗರು ಬಂದು ನಿಂತರೆ ಯಾರಾದರೂ ಮಾಡುವುದು ಅದನ್ನೇ. ಅಂದಹಾಗೆ, ಆ ಆಸ್ಪತ್ರೆಯ ಮುಖ್ಯಸ್ಥರಿಗೆ ನಮ್ಮ ರಾಜ್ಯದಲ್ಲಿ ಇವತ್ತಿಗೂ ಜಿಲ್ಲಾ ಸರ್ಜನ್ ಅಂತಲೇ ಹೆಸರು. ಅದು ಈಗ ಕುರ್ಚಿಯ ಹೆಸರು. ಅದರಲ್ಲಿ ಕೂತವರು ಮಕ್ಕಳ ಡಾಕ್ಟರೂ ಆಗಿರಬಹುದು. ಸರ್ಜರಿ ಪಿಜಿಗೆ ಓಟಿ ಬೇಕು ಅಂತ ಅವರಿಗೆ ನಾವಾಗೇ ಹೇಳಬೇಕಿತ್ತು, ನಾವು ಹೇಳಲಿಲ್ಲ.

ಆರನೇ ವಾರ ಅಲ್ಲಿನ ಸರ್ಜನ್ ಒಬ್ಬರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. ರಿಟೈರ್ ಆಗಲು ಎರಡು ವರ್ಷ ಇತ್ತು ಅವರಿಗೆ. "ನೀನು ಸರ್ಜರಿ ಪಿಜಿ ಅಲ್ವೇನಪ್ಪಾ? ಇಲ್ಲೇನ್ ಮಾಡ್ತಿದ್ದೀಯ?" ಅಂದರು. ಅವರೇ ಹೋಗಿ ಮಾತಾಡಿ ನನ್ನ ಹೆಸರನ್ನು ಡ್ಯೂಟಿ ಪಟ್ಟಿಯಿಂದ ತೆಗೆಸಿದರು. ವಾರಕ್ಕೆ ಒಂದು ರಾತ್ರಿ ಮಾತ್ರ ಉಳಿಯಿತು.

ಸೋಮವಾರ ಮತ್ತು ಗುರುವಾರ ಅವರ ಓಟಿ. ಮೊದಲ ಸೋಮವಾರ ಒಂದು ಹರ್ನಿಯಾ. ನಾನು ಸ್ಕ್ರಬ್ ಆಗಿ ಹೋಗಿ, ಅಭ್ಯಾಸ ಬಲದಿಂದ ಸಹಾಯಕರು ನಿಲ್ಲುವ ಕಡೆ ನಿಂತೆ. ಅವರು ಏನೂ ಹೇಳದೆ ನನ್ನ ಭುಜ ಹಿಡಿದು ಈ ಕಡೆ ತಂದು ನಿಲ್ಲಿಸಿದರು. ತಾವು ಆ ಕಡೆ ಹೋಗಿ, ಕೊಯ್ದ ಜಾಗ ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್ ಕೈಗೆ ತೆಗೆದುಕೊಂಡರು. ಎರಡು ವರ್ಷ ನಾನು ಹಿಡಿದದ್ದು ರಿಟ್ರ್ಯಾಕ್ಟರನ್ನೇ. ಒಬ್ಬ ಹಿರಿಯ ಸರ್ಜನ್ ನನಗಾಗಿ ಅದನ್ನು ಹಿಡಿದದ್ದು ಅದೇ ಮೊದಲು. ನನ್ನ ಕೈ ನಡುಗುತ್ತಿತ್ತು. ಅವರು ಅದನ್ನು ನೋಡಿಯೂ ನೋಡದ ಹಾಗಿದ್ದರು. ಅವರು ಮಾತಾಡುತ್ತಿದ್ದದ್ದೇ ಕಡಿಮೆ. ಹರ್ನಿಯಾ ಪೂರ್ತಿ ಮುಗಿಯುವವರೆಗೆ ಕೇಳಿದ್ದು ಒಂದೇ ಪ್ರಶ್ನೆ, ನಾಲ್ಕು ಸಲ: "ನರ ಎಲ್ಲಿ?" ತೋರಿಸಿದೆ. "ಹ್ಞೂಂ" ಅಂದರು. ಎರಡನೇ ಹರ್ನಿಯಾಕ್ಕೆ ಎರಡು ಸಲ ಕೇಳಿದರು. ಐದನೆಯದಕ್ಕೆ ಕೇಳಲೇ ಇಲ್ಲ.

ಆ ಏಳು ವಾರದಲ್ಲಿ ನನ್ನ ಕೈಯಿಂದ 14 ಹರ್ನಿಯಾ ಆದವು. ಹೈಡ್ರೋಸಿಲ್ ಎಷ್ಟೋ ಲೆಕ್ಕ ಇಡಲಿಲ್ಲ. ತೆರೆದು ಮಾಡುವ ಅಪೆಂಡಿಕ್ಸ್ ಒಂಬತ್ತು. ಕರುಳು ತೂತಾಗಿ ಬಂದ ಎರಡು ಹೊಟ್ಟೆ. ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲುಗಳು. ಎದೆಗೆ ಟ್ಯೂಬ್ ಆರು, ಮೇಲೆ ಹೇಳಿದೆನಲ್ಲ, ಅವೇ. ಮೊದಲನೆಯದರಲ್ಲಿ ನಾನು ಟ್ಯೂಬನ್ನು ನೇರ ತಳ್ಳಲು ಹೋದೆ. ಪಕ್ಕದಲ್ಲಿದ್ದ ಸಿಸ್ಟರ್ ಮೆಲ್ಲಗೆ, "ಸರ್, ಮೊದ್ಲು ಬೆರಳು ಹಾಕಿ ನೋಡಿ" ಅಂದರು. ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿದ್ದರೆ ಟ್ಯೂಬ್ ಅದರೊಳಗೇ ಹೋಗುತ್ತದೆ. ನನಗೆ ಗೊತ್ತಿತ್ತು, ಆ ಕ್ಷಣಕ್ಕೆ ಮರೆತಿತ್ತು. ಇವತ್ತಿಗೂ ಪ್ರತಿ ಸಲ ಆ ಸಿಸ್ಟರ್ ಮಾತು ಕಿವಿಯಲ್ಲಿ ಕೇಳುತ್ತದೆ.

ತೆರೆದು ಮಾಡುವ ಅಪೆಂಡಿಕ್ಸ್ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ದೊಡ್ಡ ಕಾಲೇಜುಗಳಲ್ಲಿ ಈಗ ಬಹುತೇಕ ಎಲ್ಲ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಸರ್ಜರಿ. ರೋಗಿಗೆ ಅದು ಒಳ್ಳೆಯದೇ. ಆದರೆ ನಮ್ಮ ತಾಲ್ಲೂಕಿನಲ್ಲಿ ಆ ಉಪಕರಣ ಇಲ್ಲ. ಪಕ್ಕದ ತಾಲ್ಲೂಕಿನಲ್ಲಿ ಇದೆ, ಅದಕ್ಕೆ ಬೇಕಾದ ಗ್ಯಾಸ್ ಸಿಲಿಂಡರ್ ಇಲ್ಲ. ಕಾಲೇಜಿನಲ್ಲಿ ಕ್ಯಾಮೆರಾ ಹಿಡಿದು ಮೂರು ವರ್ಷ ಕಳೆದ ಹುಡುಗ ಇಲ್ಲಿಗೆ ಬಂದು ಎರಡಂಗುಲದ ಗಾಯದಲ್ಲಿ ಅಪೆಂಡಿಕ್ಸ್ ಹುಡುಕಲಾರ. ತೆರೆದ ಸರ್ಜರಿ ಈಗ ಉಳಿದಿರುವುದು ಜಿಲ್ಲೆ, ತಾಲ್ಲೂಕುಗಳ ಹಳೇ ಸರ್ಜನ್ನರ ಕೈಯಲ್ಲಿ. ಅವರು ಒಬ್ಬೊಬ್ಬರಾಗಿ ರಿಟೈರ್ ಆಗುತ್ತಿದ್ದಾರೆ.

ಇಲ್ಲಿ ಕರ್ನಾಟಕದ್ದೇ ಒಂದು ತೊಡಕಿದೆ. ಹಾಸನ, ಮಂಡ್ಯ, ಶಿವಮೊಗ್ಗ, ರಾಯಚೂರು, ಬೀದರ್, ಆಮೇಲೆ ಗದಗ, ಕೊಪ್ಪಳ, ಕಾರವಾರ, ಇತ್ತೀಚೆಗೆ ಹಾವೇರಿ, ಯಾದಗಿರಿ, ಚಿಕ್ಕಮಗಳೂರು. ಒಂದೊಂದೇ ಊರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಖುಷಿಯ ವಿಷಯವೇ. ಆದರೆ ಕಾಲೇಜು ಬಂದ ಕಡೆ ಜಿಲ್ಲಾ ಆಸ್ಪತ್ರೆ ಕಾಲೇಜಿನ ಆಸ್ಪತ್ರೆ ಆಗುತ್ತದೆ. ಇಂಟರ್ನ್‌ಗಳು ಬರುತ್ತಾರೆ, ಪಿಜಿ ಬಂದರೆ ಅವರೂ ಸಾಲಿನಲ್ಲಿ ನಿಲ್ಲುತ್ತಾರೆ. ಹೊರಗಿನಿಂದ ಜಿಲ್ಲಾ ರೆಸಿಡೆನ್ಸಿಗೆ ಅಂತ ಬಂದವರು ಆ ಸಾಲಿನ ಕೊನೆಗೆ. ಒಂದು ಕಾಲೇಜಿನ ಕ್ಯೂ ಬಿಟ್ಟು ಇನ್ನೊಂದು ಕಾಲೇಜಿನ ಕ್ಯೂಗೆ ಬಂದಂತೆ ಆಯಿತು ಅಷ್ಟೆ.

ಮೊದಲಿನ ನಿಯಮದಲ್ಲಿ 100 ಹಾಸಿಗೆಯ ಆಸ್ಪತ್ರೆ ಆಗಿರಬೇಕಿತ್ತು. 2023ರ ನಿಯಮದಲ್ಲಿ ಅದನ್ನು 50ಕ್ಕೆ ಇಳಿಸಿದ್ದಾರೆ. ಅಂದರೆ ತಾಲ್ಲೂಕು ಆಸ್ಪತ್ರೆಗೆ ಕಳಿಸಲು ಬಾಗಿಲು ತೆರೆದಿದೆ. ಸರ್ಜರಿ ಪಿಜಿಗಳನ್ನಾದರೂ ಇಲ್ಲಿಗೆ ಕಳಿಸಿ. ಎಲ್ಲ ತಾಲ್ಲೂಕಿಗೂ ಅಲ್ಲ. ಸರ್ಜನ್ ಇರಬೇಕು, ಅನಸ್ತೇಷಿಯಾ ಡಾಕ್ಟರ್ ಇರಬೇಕು, ವಾರಕ್ಕೆ ಎರಡು ದಿನವಾದರೂ ಓಟಿ ನಡೆಯುತ್ತಿರಬೇಕು. ಅನಸ್ತೇಷಿಯಾ ಡಾಕ್ಟರ್ ಇಲ್ಲದ ಕಡೆ ಸರ್ಜರಿ ಪಿಜಿಯನ್ನು ಹಾಕುವುದು ಎತ್ತಿಲ್ಲದ ಗಾಡಿಗೆ ಗಾಡಿ ಹೊಡೆಯುವವನನ್ನು ನೇಮಿಸಿದ ಹಾಗೆ. ಒಬ್ಬ ಸರ್ಜನ್ ಇರುವ ಕಡೆ ಒಬ್ಬ ಪಿಜಿ, ಜಾಸ್ತಿ ಬೇಡ. ನನ್ನ ಗೆಳೆಯನನ್ನು ಕಳಿಸಿದ ಕಡೆ ಒಬ್ಬರು ಸರ್ಜನ್ನರಿಗೆ ಐದು ಜನ ಪಿಜಿಗಳಿದ್ದರಂತೆ. ಮೂರು ತಿಂಗಳಲ್ಲಿ ಅವನಿಗೆ ಸಿಕ್ಕಿದ್ದು ಮೂರು ಹೈಡ್ರೋಸಿಲ್. ಉಳಿದ ಸಮಯ ಕ್ರಿಕೆಟ್ ಆಡಿ ಫಾರ್ಮಿಗೆ ಬಂದೆ ಅನ್ನುತ್ತಾನೆ.

ಯಾವ ಸೆಮಿಸ್ಟರ್ ಅನ್ನುವುದೂ ಮುಖ್ಯ. ಮೂರನೇ ಸೆಮಿಸ್ಟರಿನಲ್ಲಿ ಕಳಿಸಿದರೆ ಕೈ ಇನ್ನೂ ಹಸಿ. ಗಂಟು ಹಾಕಲೇ ಸರಿಯಾಗಿ ಬಂದಿರುವುದಿಲ್ಲ, ಅಂಥವರ ಕೈಗೆ ಚಾಕು ಕೊಡಲು ಯಾವ ಸರ್ಜನ್ನೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಸರ್ಜರಿಯವರಿಗೆ ನಾಲ್ಕರ ಕೊನೆ, ಐದರ ಶುರು ಸರಿ ಅಂತ ನನ್ನ ಅನುಭವ. ಹೆಣ್ಣುಮಕ್ಕಳಿಗೆ ಚಿಲಕ ಇರುವ ಒಂದು ರೂಮು ಮೊದಲೇ ನೋಡಿಡಿ. ನಿಯಮದಲ್ಲಿ ವಸತಿ, ಸಾರಿಗೆ, ಭದ್ರತೆ ಎಲ್ಲ ಬರೆದಿದೆ. ನನ್ನ ಬ್ಯಾಚಿನ ಒಬ್ಬಳು ಮೂರು ತಿಂಗಳೂ ಹೆರಿಗೆ ವಾರ್ಡಿನ ಡ್ಯೂಟಿ ರೂಮಿನಲ್ಲಿ ಮಲಗಿದಳು.

ಡ್ಯೂಟಿ ಗಂಟೆಗಳ ಬಗ್ಗೆ ಬರೆದರೆ ಅದೇ ಇನ್ನೊಂದು ಪತ್ರ ಆದೀತು. 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯಲ್ಲೇ ಸಾಮಾನ್ಯವಾಗಿ ದಿನಕ್ಕೆ ಸತತ 12 ಗಂಟೆ, ವಾರಕ್ಕೆ 48 ಗಂಟೆ ಅಂತ ಇದೆ. ನಾವು 36 ಗಂಟೆ ಒಂದೇ ಸಮನೆ ನಿಂತಿದ್ದೇವೆ, ಅದೂ ವಾರಕ್ಕೆರಡು ಸಲ. ಹಿರಿಯರು "ನಾವೂ ಹಾಗೇ ಕಲಿತದ್ದು" ಅನ್ನುತ್ತಾರೆ. ತರಬೇತಿಯಲ್ಲಿರುವ ಡಾಕ್ಟರಿಗೆ ರೆಸಿಡೆಂಟ್ ಅನ್ನುವ ಹೆಸರೇ ಆಸ್ಪತ್ರೆಯಲ್ಲೇ ವಾಸ ಮಾಡುತ್ತಿದ್ದ ಕಾಲದ್ದು. 1889ರಲ್ಲಿ ಅಮೆರಿಕದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾದ ಮೇಲೆ ವಿಲಿಯಂ ಹಾಲ್‌ಸ್ಟೆಡ್ ಅಲ್ಲಿ ಸರ್ಜರಿ ತರಬೇತಿಗೆ ಈ ಪದ್ಧತಿ ತಂದರು. ಅದೇ ಅಮೆರಿಕದಲ್ಲಿ 2003ರಿಂದ ವಾರಕ್ಕೆ 80 ಗಂಟೆಯ ಮಿತಿ ಇದೆ. ಆದರೆ ನನಗೆ ಅವರಲ್ಲಿ ಹೊಟ್ಟೆಕಿಚ್ಚು ಆಗುವುದು ಆ 80ರ ಬಗ್ಗೆ ಅಲ್ಲ, ಇನ್ನೊಂದು ಸಂಖ್ಯೆಯ ಬಗ್ಗೆ. ಅಲ್ಲಿ ಐದು ವರ್ಷದ ಸರ್ಜರಿ ತರಬೇತಿ ಮುಗಿಸಲು ಕನಿಷ್ಠ 850 ಸರ್ಜರಿ ಮಾಡಿರಬೇಕು. ಅದರಲ್ಲಿ 200 ಕೊನೆಯ ವರ್ಷದಲ್ಲಿ. ಗಂಟೆಯನ್ನೂ ಎಣಿಸುತ್ತಾರೆ, ಕೈ ಏನು ಮಾಡಿತು ಅಂತಲೂ ಎಣಿಸುತ್ತಾರೆ. ನಮ್ಮದು ಮೂರೇ ವರ್ಷ, ರೋಗಿಗಳಿಗೇನೂ ಬರ ಇಲ್ಲ. ಅಷ್ಟು ದೊಡ್ಡ ಸಂಖ್ಯೆ ಬೇಡ. 15 ಹರ್ನಿಯಾ, 10 ಅಪೆಂಡಿಕ್ಸ್, 5 ಗ್ರಾಫ್ಟ್, 5 ಚೆಸ್ಟ್ ಟ್ಯೂಬ್. ಇಷ್ಟು ಸಣ್ಣ ಲೆಕ್ಕವನ್ನಾದರೂ ನಿಜವಾಗಿ ಇಡೋಣ.

ನಿಜವಾಗಿ ಅಂದರೆ, ಸಹಿ ಹಾಕುವವರು ಪಕ್ಕದಲ್ಲಿ ನಿಂತು ನೋಡಿದವರೇ ಆಗಿರಬೇಕು, ಆ ದಿನವೇ ಹಾಕಿರಬೇಕು. ತಿಂಗಳ ಕೊನೆಗೆ ಹತ್ತು ಲಾಗ್‌ಬುಕ್ ಒಟ್ಟಿಗೆ ಟೇಬಲ್ ಮೇಲೆ ಇಟ್ಟು, ಸುಮ್ನೆ ಪುಟ ತಿರುಗಿಸಿ ಹಾಕುವ ಸಹಿ ಬೇಡ. ಅಂತಿಮ ಪರೀಕ್ಷೆಯಲ್ಲಿ ನನಗೆ ಕೇಸು ಕೊಟ್ಟರು, ಎಕ್ಸ್-ರೇ ತೋರಿಸಿದರು, ಉಪಕರಣ ಕೈಗೆ ಕೊಟ್ಟು ಹೆಸರು ಕೇಳಿದರು. ಒಂದು ಗಂಟು ಹಾಕಿ ತೋರಿಸು ಅಂತ ಯಾರೂ ಕೇಳಲಿಲ್ಲ. ಹೀಗಿರುವಾಗ ನನ್ನ ಕೈಗೆ ಏನು ಬರುತ್ತದೆ ಅಂತ ಹೇಳುವ ಕಾಗದ ಆ ಲಾಗ್‌ಬುಕ್ ಒಂದೇ. ಅದರಲ್ಲೂ ಆ 12 ಕೂತಿದೆ.

ಕಾಲೇಜಿನ ವಿಭಾಗದ ಮುಖ್ಯಸ್ಥರಿಗೆ ಒಂದು ಕೋರಿಕೆ. ಸೂಪರ್ ಸ್ಪೆಷಾಲಿಟಿ ಪೋಸ್ಟಿಂಗಿಗೆ ಪಿಜಿಯನ್ನು ಕಳಿಸುವ ಮುಂಚೆ ಆ ವಿಭಾಗದವರನ್ನು ಒಂದು ಸಲ ಕೂರಿಸಿ ಚಹಾ ಕುಡಿಸಿ. "ನಮ್ಮ ಹುಡುಗರಿಗೆ ಇದಿಷ್ಟು ಕಲಿಸಿ ಕಳಿಸಿ" ಅಂತ ನಾಲ್ಕು ಸಾಲು ಬರೆಸಿಕೊಳ್ಳಿ. ಎಕೋ ಕ್ಯೂ, ಬ್ಲಡ್ ಬ್ಯಾಂಕ್, ಅಪ್‌ಲೋಡ್, ಇವೆಲ್ಲ ಯಾರಾದರೂ ಮಾಡಲೇಬೇಕು, ನಾವೂ ಮಾಡುತ್ತೇವೆ. ಅದಕ್ಕೊಬ್ಬ ಡೇಟಾ ಎಂಟ್ರಿ ಆಪರೇಟರ್ ಕೊಟ್ಟರೆ ಇನ್ನೂ ಒಳ್ಳೆಯದು. ಸಿಕ್ಕ ಒಂದು ತಿಂಗಳಲ್ಲಿ ಅರ್ಧವಾದರೂ ಕೈಗೆ ಕೆಲಸ ಸಿಗಲಿ.

ಜಿಲ್ಲಾ ರೆಸಿಡೆನ್ಸಿಯ ಸಂಯೋಜಕರಿಗೆ ಇನ್ನೂ ಚಿಕ್ಕ ಕೋರಿಕೆ. ಮುಂದಿನ ಪಟ್ಟಿ ಅಂತಿಮ ಮಾಡುವ ಮೊದಲು ಆ ಆಸ್ಪತ್ರೆಗಳಿಗೆ ಒಂದು ಫೋನ್ ಮಾಡಿ. ಆಡಳಿತ ವೈದ್ಯಾಧಿಕಾರಿಗಳಿಗೆ ಮಾತ್ರವಲ್ಲ, ಓಟಿ ಸಿಸ್ಟರ್‌ಗೂ ಮಾಡಿ. ಓಟಿ ಯಾವ ದಿನ, ಕಳೆದ ತಿಂಗಳು ಎಷ್ಟು ಕೇಸು ಆಯಿತು ಅಂತ ಕೇಳಿ. ಅವರ ರಿಜಿಸ್ಟರಿನಲ್ಲಿ ಎಲ್ಲ ಇರುತ್ತದೆ.

ನಮ್ಮದು ಮಂಗಳವಾರ ಮತ್ತು ಶುಕ್ರವಾರ. ಅನಸ್ತೇಷಿಯಾ ಮೇಡಂ ಒಂಬತ್ತೂವರೆಗೆ ಬರುತ್ತಾರೆ. ಸಿಸೇರಿಯನ್ ಇದ್ದರೆ ಅದು ಮೊದಲು, ಆಮೇಲೆ ನಮ್ಮದು. ಮೂರು ಹರ್ನಿಯಾ, ಒಂದು ಹೈಡ್ರೋಸಿಲ್ ಈಗಲೇ ಸಾಲಿನಲ್ಲಿವೆ, ಅಡಿಕೆ ಕೊಯ್ಲು ಮುಗಿದ ಮೇಲೆ ಮಾಡಿಸಿಕೊಳ್ಳುತ್ತೇವೆ ಅಂದಿದ್ದಾರೆ. ಕ್ವಾರ್ಟರ್ಸಿನಲ್ಲಿ ನನ್ನ ಪಕ್ಕದ ರೂಮು ಖಾಲಿ ಇದೆ. ಚಿಲಕ ಹೊಸದು. ಬಿಸಿನೀರಿಗೆ ಹಂಡೆ ಒಲೆ. ಒಬ್ಬರನ್ನು ಕಳಿಸಿ. ರಿಟ್ರ್ಯಾಕ್ಟರ್ ನಾನು ಹಿಡಿಯುತ್ತೇನೆ.

ಇಂತಿ,
ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯ ಸರ್ಜನ್